ಗೆಥಿನ್ ಬಿಚ್ಚದೆ ಇಟ್ಟ ಪೆಟ್ಟಿಗೆ

ಗೆಥಿನ್ ರೋಲ್ಯಾಂಡ್ಸ್ ಆ ಪೆಟ್ಟಿಗೆಯನ್ನು ಕೊಂಡು ತಂದು ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಒಂದು ಸಲವೂ ಬಿಚ್ಚಿರಲಿಲ್ಲ. ಒಳಗಿದ್ದದ್ದು ಲ್ಯಾಂಡ್ ರೋವರ್ ಗಾಡಿಯ ಪುಟ್ಟ ಮಾಡೆಲ್, ಅದೂ ಮೊಟ್ಟಮೊದಲ ವರ್ಷ ರಸ್ತೆಗಿಳಿದ ಗಾಡಿಯದು, ಜೋಡಿಸದ ಬಿಡಿ ಭಾಗಗಳ ಕಿಟ್ ರೂಪದಲ್ಲಿ. ಬಿಳಿಲೋಹದ ಎರಕದ ತುಂಡುಗಳು, ಹಿತ್ತಾಳೆಯ ತೆಳು ತಗಡಿನಲ್ಲಿ ಕೊರೆದ ಜಾಲರಿ, ಹೆಬ್ಬೆರಳಿನ ಉಗುರಿನಷ್ಟು ಸ್ಟೀರಿಂಗ್ ಚಕ್ರ. ಅದನ್ನು ಮಾಡುತ್ತಿದ್ದವರು ಒಂದಷ್ಟು ಪೆಟ್ಟಿಗೆ ಮಾರಿ ಅಂಗಡಿ ಮುಚ್ಚಿಕೊಂಡು ಹೋಗಿದ್ದರು. ಇನ್ನೊಂದು ಬೇಕೆಂದರೆ ಸಿಗುವ ಮಾತಿರಲಿಲ್ಲ.

ಅಂಥದೇ ಗಾಡಿ ಗೆಥಿನನ ಅಪ್ಪನ ಹತ್ತಿರ ಇತ್ತು. ವಾರವೆಲ್ಲ ಕುರಿ ಹೊತ್ತು, ಭಾನುವಾರ ಬೆಳಿಗ್ಗೆ ಹಿಂಬದಿ ತೊಳೆಸಿಕೊಂಡು, ಮನೆಮಂದಿಯನ್ನೆಲ್ಲ ಚಾಪೆಲ್ಲಿನ ಪ್ರಾರ್ಥನೆಗೆ ಕರೆದೊಯ್ಯುತ್ತಿದ್ದ ಗಾಡಿ. ಗೆಥಿನ್ ಓಡಿಸಲು ಕಲಿತದ್ದೂ ಅದರಲ್ಲೇ, ಕಡಲು ಹಿಂದೆ ಸರಿದಾಗ ರೆಡ್ ವಾರ್ಫ್ ಕೊಲ್ಲಿಯ ಮರಳಿನ ಮೇಲೆ. ಕೈಗೆ ಬಿಡುವಿರಬೇಕು, ಬೆಳಕು ಚೆನ್ನಾಗಿರಬೇಕು, ಮನಸ್ಸು ತಿಳಿಯಾಗಿರಬೇಕು, ಅವತ್ತು ಬಿಚ್ಚುತ್ತೇನೆ ಎನ್ನುತ್ತಿದ್ದ. ಹಾಲಿನ ಲಾರಿಯ ಕೆಲಸದಿಂದ ನಿವೃತ್ತನಾದ ಮೇಲೆ ಬಿಡುವೇನೋ ಸಿಕ್ಕಿತು. ಆ ದಿನ ಮಾತ್ರ ಬರಲಿಲ್ಲ.

ಗುರುವಾರ ಮಧ್ಯಾಹ್ನ ಅವನು ಲಾನ್‌ಗೆವ್ನಿ ಊರಿನ ಇನ್ನೊಂದು ತುದಿಯಲ್ಲಿದ್ದ ಗೆಳೆಯ ಇದ್ವಾಲ್ ಪಾರಿಯ ಮನೆಗೆ ಹೋಗುವುದು ರೂಢಿ. ಇದ್ವಾಲ್ ಕೌಂಟಿ ಕಚೇರಿಯಲ್ಲಿ ರಸ್ತೆ ಅಳೆಯುವ ಕೆಲಸ ಮಾಡಿ ನಿವೃತ್ತನಾದವನು, ಮದುವೆಯಾಗದೆ ಉಳಿದವನು, ಅಳತೆ ಕೂದಲೆಳೆಯಷ್ಟು ಆಚೀಚೆಯಾದರೂ ಊಟ ಸೇರದ ಮನುಷ್ಯ. ಹಿತ್ತಲ ಕಡೆಯ ಗಾಜಿನ ಕೋಣೆಯಲ್ಲಿ ಇಬ್ಬರೂ ಎದುರುಬದುರು ಕೂತು ಟ್ರ್ಯಾಕ್ಟರು, ಲಾರಿ, ಗಾಡಿಗಳ ಮಾಡೆಲ್ ಜೋಡಿಸುತ್ತಿದ್ದರು. ಮಾತೆಲ್ಲ ಗೆಥಿನನದು, ಕೆಲಸ ಹೆಚ್ಚು ಇದ್ವಾಲನದು.

"ಬಿಚ್ಚಲ್ಲ ಬಿಚ್ಚಲ್ಲ ಅಂತ ಅದನ್ನ ಗೋರಿಗೇ ತಗೊಂಡ್ ಹೋಗ್ತೀಯ ನೋಡು" ಎಂದು ಇದ್ವಾಲ್ ಕೆಣಕುತ್ತಿದ್ದ.

"ಹೋದ್ರೆ ಹೋಗ್ಲಿ ಬಿಡಯ್ಯ. ನಿನ್ ಕೈಗಂತೂ ಸಿಗಲ್ಲ" ಎನ್ನುತ್ತಿದ್ದ ಗೆಥಿನ್.

ಮಾರ್ಚ್ ತಿಂಗಳಲ್ಲಿ, ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಕುರ್ಚಿ ಜೋಡಿಸುತ್ತಿದ್ದ ಗೆಥಿನ್ ಇದ್ದಕ್ಕಿದ್ದಂತೆ ಕುಸಿದುಬಿದ್ದ. ತಲೆಯೊಳಗೆ ರಕ್ತ ಒಸರಿತ್ತು. ದ್ವೀಪದ ಸೇತುವೆ ದಾಟಿಸಿ ಬ್ಯಾಂಗರಿನ ಆಸ್ಪತ್ರೆಗೆ ಸೇರಿಸಿದರು. ಕಣ್ಣು ಮುಚ್ಚಿದವನು ತೆರೆಯಲಿಲ್ಲ. ಅವನ ಹೆಂಡತಿ ನೆಸ್ತಾ ಹಗಲೆಲ್ಲ ಅಲ್ಲೇ ಕೂತಿರುತ್ತಿದ್ದಳು. ತಮ್ಮ ಹಿತ್ತಲಲ್ಲಿ, ಗಿಡ ಬೆಳೆಸುವ ಗಾಜಿನ ಮನೆಯಲ್ಲಿ ಗೆಥಿನ್ ಹಾಕಿದ್ದ ಟೊಮ್ಯಾಟೊ ಸಸಿಗಳಿಗೆ ನೀರು ಹಾಕು ಎಂದು ಮನೆಯ ಕೀಲಿಕೈಯನ್ನು ಇದ್ವಾಲನಿಗೆ ಕೊಟ್ಟಿದ್ದಳು.

ದಿನಗಳು ಉರುಳಿದವು. ಒಂದು ಸಂಜೆ ಇದ್ವಾಲ್ ಸಸಿಗಳ ಮುಂದೆ ನಿಂತಿದ್ದಾಗ ನೆಸ್ತಾ ಆಸ್ಪತ್ರೆಯಿಂದ ಬಂದಳು. ಕೋಟು ಕಳಚಲೂ ಮರೆತು ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ಇನ್ನು ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದರಂತೆ. ಮಣ್ಣು ಮಾಡುವಾಗ ಯಾವ ಕೀರ್ತನೆ ಹಾಡಿಸಬೇಕು ಅಂತ ಪಾದ್ರಿಯವರು ಕೇಳಿದರೆ ಏನು ಹೇಳಲಿ ಎಂದು ಅವಳು ಇದ್ವಾಲನನ್ನು ಕೇಳಿದಳು. ಅವನು ಚಹಾ ಮಾಡಿಕೊಟ್ಟು ಎದ್ದ.

ಮರುದಿನ ಸಸಿಗಳಿಗೆ ನೀರು ಹಾಕಲು ಬಂದವನು ಗೆಥಿನನ ಕೋಣೆಗೂ ಹೋದ. ಕಪಾಟಿನ ಮೇಲಿಂದ ಪೆಟ್ಟಿಗೆ ಇಳಿಸಿಕೊಂಡು, ಕಂಕುಳಲ್ಲಿ ಅವುಚಿಕೊಂಡು ಮನೆಗೆ ತಂದ. ಯಾರನ್ನೂ ಕೇಳಲಿಲ್ಲ. ಜೋಡಿಸಿ ಮುಗಿಸಿ, ಮಣ್ಣು ಮಾಡಿದ ಮೇಲಿನ ಚಹಾಕೂಟದ ಮೇಜಿನ ಮೇಲೆ ಗೆಥಿನನ ಫೋಟೋ ಪಕ್ಕ ಇಡುತ್ತೇನೆ, ಗೆಳೆಯನಿಗೆ ಇದಕ್ಕಿಂತ ಒಳ್ಳೆಯ ವಿದಾಯ ಯಾವುದಿದೆ ಎಂದು ತನಗೆ ತಾನೇ ಹೇಳಿಕೊಂಡ. ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಗೆ ಬ್ಲೇಡ್ ತಾಗಿಸಿದಾಗ ಕೈ ಒಂದಿಷ್ಟೂ ನಡುಗಲಿಲ್ಲ. ಆಮೇಲೆ ಅವನನ್ನು ಹೆಚ್ಚು ಚುಚ್ಚಿದ್ದು ಅದೇ.

ಅಷ್ಟು ಸುಖವಾಗಿ ಅವನು ಯಾವತ್ತೂ ಕೆಲಸ ಮಾಡಿರಲಿಲ್ಲ. ಎರಕದ ಅಂಚುಗಳನ್ನು ನವಿರಾಗಿ ಅರದಿಂದ ಉಜ್ಜಿದ. ಕಿಟ್ ಮಾಡಿದವರು ಮುಂಗಾಜಿನ ಚೌಕಟ್ಟನ್ನು ಒಂದಿಷ್ಟು ಎತ್ತರ ಮಾಡಿದ್ದರು; ಲಾನರ್ಚಮೆಥ್ ಹತ್ತಿರದ ಹೊಲದ ಮನೆಯಲ್ಲಿ ಇನ್ನೂ ಓಡುತ್ತಿದ್ದ ಅಂಥದೇ ಗಾಡಿಯೊಂದಕ್ಕೆ ಟೇಪು ಹಿಡಿದು ಅಳೆದು ಬಂದು ಅದನ್ನು ತಿದ್ದಿದ. ಆ ಕಾಲದ ಬೂದು ಬೆರೆತ ತಿಳಿ ಹಸಿರು ಬಣ್ಣ ಸಿಗುವವರೆಗೆ ತಗಡಿನ ಚೂರುಗಳ ಮೇಲೆ ಬಳಿದು ಬಳಿದು ನೋಡಿದ. ಗೆಥಿನನಿಗೆ ಬೇಕಿದ್ದದ್ದು ಅಪ್ಪನ ಗಾಡಿ. ಟಗರು ಗುಮ್ಮಿ ತಗ್ಗಾದ ಎಡ ಮಡ್‌ಗಾರ್ಡು, ಹಿಂಬಾಗಿಲ ಕೊಂಡಿಗೆ ಕಟ್ಟಿದ ಹಗ್ಗ ಸಮೇತ. ಇದೆಲ್ಲ ಇದ್ವಾಲನಿಗೆ ಗೊತ್ತಿತ್ತು. ಆದರೂ ಅವನು ಮಾಡಿದ್ದು ಕಾರ್ಖಾನೆಯಿಂದ ಹೊರಬಿದ್ದ ದಿನದ ಗಾಡಿಯನ್ನು, ಒಂದು ಗೀರೂ ಇಲ್ಲದ್ದನ್ನು. ಚಹಾಕೂಟದ ಮೇಜು ಮೆಲ್ಲಗೆ ಅವನ ತಲೆಯಿಂದ ಜಾರಿತು. ಆ ಜಾಗಕ್ಕೆ ಬೇಸಿಗೆಯಲ್ಲಿ ನಡೆಯುವ ಮಾಡೆಲ್ ಪ್ರದರ್ಶನ ಬಂದು ಕೂತಿತು. ಆಸ್ಪತ್ರೆಗೆ ಹೋಗುವುದೂ ಕಡಿಮೆಯಾಯಿತು. ಹೋಗಿ ಮಾಡುವುದೇನು ಎಂದುಕೊಂಡ.

ಮೇ ತಿಂಗಳ ಒಂದು ಬೆಳಿಗ್ಗೆ ಮುಂಗಾಜು ಕೂರಿಸುತ್ತಿದ್ದಾಗ ಫೋನು ಬಂತು. ನೆಸ್ತಾ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಗೆಥಿನ್ ಕಣ್ಣು ಬಿಟ್ಟಿದ್ದಾನೆ, ಅವಳ ಹೆಸರು ಹಿಡಿದು ಕರೆದಿದ್ದಾನೆ, ಚಹಾ ಕೇಳಿದ್ದಾನೆ ಎಂದಳು.

ಇದ್ವಾಲ್ ದೇವರು ದೊಡ್ಡವನು ಎಂದೇನೋ ಅಂದ. ಆದರೆ ಅದಕ್ಕಿಂತ ಮುಂಚೆ, ರೆಪ್ಪೆ ಬಡಿಯುವಷ್ಟು ಹೊತ್ತು, ಅವನ ಮನಸ್ಸಿಗೆ ಬಂದದ್ದು ಬೇರೆಯೇ. ಅಯ್ಯೋ, ಇನ್ನೊಂದು ವಾರ ತಡೆದಿದ್ದರೆ ಮಾಡೆಲ್ ಮುಗಿದೇ ಹೋಗುತ್ತಿತ್ತಲ್ಲ, ಎಂಬ ಕಿರಿಕಿರಿ. ಫೋನು ಇಟ್ಟ ಮೇಲೆ ಅದು ತನ್ನದೇ ಯೋಚನೆ ಎಂದು ಅವನಿಗೆ ಅರಿವಾಯಿತು. ಅವತ್ತು ಮಾಡೆಲ್ ಕಡೆ ತಲೆಯೆತ್ತಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಗೆಥಿನ್ ದಿಂಬಿಗೊರಗಿದ್ದ. ಬಲಗೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಮಾತು ನಿಧಾನವಾಗಿತ್ತು, ಆದರೆ ಅವನದೇ ಮಾತು.

"ಪೆಟ್ಟಿಗೆ ಇದೆ ತಾನೆ?" ಎಂದ ಮೊದಲಿಗೇ.

"ಇದೆ" ಎಂದ ಇದ್ವಾಲ್. ಸುಳ್ಳೇನೂ ಅಲ್ಲ, ಪೆಟ್ಟಿಗೆಯೇನೋ ಇತ್ತು.

"ಎಲ್ಲಿದ್ನೋ ಏನೋ, ಕತ್ತಲಲ್ಲಿ ಬಿದ್ಕೊಂಡು ಅದನ್ನೇ ನೆನೆಸ್ಕೋತಾ ಇದ್ದೆ ಮಾರಾಯ. ಬಿಚ್ಚಬೇಕಿತ್ತು, ಬಿಚ್ಚಬೇಕಿತ್ತು ಅಂತ. ಮನೆಗೆ ಹೋದ ತಕ್ಷಣ ಶುರು ಮಾಡೋದೇ. ಕೈಗೆ ಕೆಲಸ ಕೊಡಿ ಅಂತ ಇಲ್ಲಿನ ಡಾಕ್ಟರೂ ಹೇಳ್ತಿದಾರೆ."

ಇದ್ವಾಲ್ ತಲೆಯಾಡಿಸಿದ. ಬಸ್ಸಿನಲ್ಲಿ ಬರುವಾಗ ಸೇತುವೆಯ ಕೆಳಗಿನ ನೀರನ್ನು ನೋಡುತ್ತ, ಇನ್ನೊಂದು ಪೆಟ್ಟಿಗೆ ಹುಡುಕಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಧೈರ್ಯ ತಂದುಕೊಂಡ. ಗೊತ್ತಿದ್ದ ಸಂಗ್ರಹಕಾರರಿಗೆಲ್ಲ ಫೋನು ಮಾಡಿದ. ಡೆನ್ಮಾರ್ಕಿನಲ್ಲಿ ಒಬ್ಬನ ಬಳಿ ಒಂದಿತ್ತಂತೆ, ಅದನ್ನೂ ಅವನು ಜೋಡಿಸಿ ಮುಗಿಸಿದ್ದ. ಕೊನೆಗೆ ಇದ್ವಾಲ್ ತಾನು ಮಾಡಿದ್ದನ್ನೇ ಬಿಚ್ಚಲು ಹೊರಟ. ಬಾಗಿಲೊಂದನ್ನು ಅಂಟು ಕರಗಿಸುವ ದ್ರಾವಣದಲ್ಲಿ ನೆನೆಹಾಕಿದ. ಅಂಟು ಬಿಡಲಿಲ್ಲ, ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದು ಬಂತು. ಹೊಲಸು ಕೆಲಸ ಮಾಡುತ್ತಿದ್ದೇನೆ ಎಂದು ಅಸಹ್ಯವಾಗಿ, ಆ ಬಾಗಿಲಿಗೆ ಮತ್ತೆ ಬಣ್ಣ ಬಳಿದು ಇಟ್ಟ.

ನೆಸ್ತಾಗೆ ಮೊದಲು ಹೇಳಿಬಿಡೋಣ ಎಂದು ಅವಳ ಮನೆಗೆ ಹೋದ. ಅವನು ಬಾಯಿ ತೆರೆಯುವ ಮೊದಲೇ ಅವಳು ಬಟ್ಟೆಯ ಬೀರುವಿನ ಬಾಗಿಲು ತೆರೆದು ತೋರಿಸಿದಳು. ಗೆಥಿನನ ಬಟ್ಟೆಗಳಿದ್ದ ಭಾಗ ಖಾಲಿ. ಬರಿ ಹ್ಯಾಂಗರುಗಳು.

"ಡಾಕ್ಟರು ಹಾಗೆ ಹೇಳಿದ ವಾರ ಎಲ್ಲ ಮೂಟೆ ಕಟ್ಟಿ ಮೆನಾಯ್ ಬ್ರಿಜ್ ಊರಲ್ಲಿ ಹಳೇ ಬಟ್ಟೆ ತಗೊಳ್ಳೋ ಧರ್ಮದಂಗಡಿಗೆ ಕೊಟ್ಟುಬಿಟ್ಟೆ ಇದ್ವಾಲ್. ನೋಡೋಕೇ ಆಗ್ತಿರ್ಲಿಲ್ಲ. ಈಗ ಆ ಕಂದು ಕೋಟು ತಗೊಂಡ್ ಬಾ ಅಂತಾನೆ. ಡ್ರೈ ಕ್ಲೀನಿಂಗಿಗೆ ಹಾಕಿದೀನಿ ಅಂದೆ." ಅವಳು ಮುಖ ಒರೆಸಿಕೊಂಡಳು. "ನಾನು ಅವನನ್ನ ಹೂತೇಬಿಟ್ಟಿದ್ದೆ. ಅದು ಅವನಿಗೆ ಗೊತ್ತಾಗಕೂಡ್ದು."

ಆಗ ಇದ್ವಾಲ್ ತನ್ನದನ್ನೂ ಹೇಳಿದ. ನೆಸ್ತಾ ಬೀರುವಿನ ಬಾಗಿಲು ಮುಚ್ಚಿದಳು. ಅವಳು ಕೇಳಿಕೊಂಡದ್ದು ಒಂದೇ: ಹೇಳಬೇಡ. ನಿನ್ನ ವಿಷಯ ಗೊತ್ತಾದರೆ ನನ್ನದೂ ಬಯಲಾಗುತ್ತದೆ, ನಾವೆಲ್ಲ ಸೇರಿ ಅವನ ಕೈ ಬಿಟ್ಟೆವು ಎಂದು ಅವನು ಕೊರಗುತ್ತಾನೆ, ಅವನ ತಲೆ ಇನ್ನೂ ಅಷ್ಟು ಗಟ್ಟಿಯಾಗಿಲ್ಲ.

ಹೀಗೆ ಇಬ್ಬರೂ ಬಾಯಿ ಮುಚ್ಚಿಕೊಂಡರು. ಜೂನ್ ಕೊನೆಗೆ ಗೆಥಿನ್ ಮನೆಗೆ ಬಂದ. ಪೆಟ್ಟಿಗೆ ಎಲ್ಲಿ ಎಂದ. ನಿನ್ನ ಕೋಣೆ ತೇವವಾಗಿತ್ತು, ನಮ್ಮ ಮನೆಯಲ್ಲಿ ಜೋಪಾನವಾಗಿಟ್ಟಿದ್ದೇನೆ ಎಂದ ಇದ್ವಾಲ್. ಮುಂದಿನ ವಾರ ಬೆನ್ನು ನೋವು ಎಂದ. ಅದರ ಮುಂದಿನ ವಾರ ಹೋಗಲೇ ಇಲ್ಲ. ಪ್ರದರ್ಶನಕ್ಕೆ ಕೊಟ್ಟಿದ್ದ ಹೆಸರನ್ನು ವಾಪಸು ಪಡೆದ. ರೊಟ್ಟಿ ಕೊಳ್ಳಲು ಹೋದ ಕಡೆ ಯಾರೋ ಅವನನ್ನು ತಡೆದು, ಗೆಥಿನನನ್ನು ನೀನು ಎಷ್ಟು ಚೆನ್ನಾಗಿ ನೋಡಿಕೊಂಡೆ, ಟೊಮ್ಯಾಟೊ ಗಿಡ ಕೂಡ ಒಣಗಲು ಬಿಡಲಿಲ್ಲವಂತೆ ಎಂದು ಹೊಗಳಿದರು. ಆ ಹೊಗಳಿಕೆ ತಡೆಯಲಾಗಲಿಲ್ಲ. ನೇರ ಮನೆಗೆ ಬಂದು, ಮಾಡೆಲನ್ನು ಅದರ ಪೆಟ್ಟಿಗೆಯಲ್ಲೇ ಹತ್ತಿಯ ಮೇಲೆ ಕೂರಿಸಿ, ಗೆಥಿನನ ಮನೆಗೆ ಹೊತ್ತೊಯ್ದ.

ಗೆಥಿನ್ ಕಿಟಕಿಯ ಬೆಳಕಿಗೆ ಮೇಜು ಎಳೆಸಿಕೊಂಡು, ಚಿಮುಟ, ಅರ, ಕುಂಚ ಎಲ್ಲ ಹೊಂದಿಸಿಟ್ಟುಕೊಂಡು ಆ ವಾರಗಳೆಲ್ಲ ಕಾದಿದ್ದ. ಎಡಗೈಯಿಂದ ಮುಚ್ಚಳ ತೆಗೆದ. ಒಳಗೆ ನೋಡಿದ. ಮುಚ್ಚಳವನ್ನು ಮೆಲ್ಲಗೆ ಪಕ್ಕಕ್ಕಿಟ್ಟ.

"ಯಾವಾಗ ಶುರು ಮಾಡಿದ್ದು?"

"ಡಾಕ್ಟರು ಕೈ ಚೆಲ್ಲಿದ್ರಲ್ಲ, ಅದರ ಮಾರನೇ ದಿನ."

"ನಾನು ಉಸಿರಾಡ್ತಾ ಇದ್ದೆ."

"ಹೌದು."

"ಮಣ್ಣು ಮಾಡೋ ತನಕ ತಡಿಯೋಕೆ ಆಗ್ಲಿಲ್ವ ನಿಂಗೆ?"

ಚಹಾ ತಟ್ಟೆ ಹಿಡಿದು ಬಂದ ನೆಸ್ತಾ ಬಾಗಿಲಲ್ಲೇ ನಿಂತಳು. ಗೆಥಿನ್ ಅವಳತ್ತ ನೋಡಿ, ಮತ್ತೆ ಇದ್ವಾಲನತ್ತ ತಿರುಗಿದ.

"ಇವಳಿಗೆ ಗೊತ್ತಿತ್ತಾ? ಇವಳೂ ನನ್ನ ಆಸೆ ಬಿಟ್ಟಿದ್ಲಾ?"

"ಇಲ್ಲ" ಎಂದ ಇದ್ವಾಲ್. "ನೀನು ಎದ್ದೇ ಏಳ್ತೀಯ ಅಂತ ಕೂತಿದ್ಲು. ಕೈ ಬಿಟ್ಟವನು ನಾನೊಬ್ಬನೇ."

ನೆಸ್ತಾ ತಟ್ಟೆಯನ್ನು ಕಿಟಕಿಯ ಅಂಚಿಗೆ ಇಟ್ಟಳು. ಗೆಥಿನ್ ಮಾಡೆಲನ್ನು ಹೊರಗೆತ್ತಿ ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದ. ಅಡಿಭಾಗದ ಸ್ಪ್ರಿಂಗು ಪಟ್ಟಿಗಳನ್ನು ನೋಡಿದ. ಮುಂಗಾಜಿನ ಚೌಕಟ್ಟಿನ ಮೇಲೆ ಬೆರಳಾಡಿಸಿದ.

"ಕೆಲಸಕ್ಕೆ ಹೆಸರಿಡೋ ಹಾಗಿಲ್ಲ. ಆದ್ರೆ ಇದು ನಮ್ಮಪ್ಪನ ಗಾಡಿ ಅಲ್ಲ, ಅಂಗಡಿ ಗಾಡಿ. ತಗೊಂಡ್ ಹೋಗು."

ಇದ್ವಾಲ್ ಪೆಟ್ಟಿಗೆ ಎತ್ತಿಕೊಂಡು ಹೊರಟ. ಗೇಟಿನವರೆಗೆ ಬಂದ ನೆಸ್ತಾ ಅವನ ತೋಳು ಮುಟ್ಟಿ ಒಳಗೆ ಹೋದಳು.

ಆ ಬೇಸಿಗೆಯೆಲ್ಲ ಗಾಜಿನ ಕೋಣೆಯ ಎರಡನೇ ಕುರ್ಚಿ ಖಾಲಿಯಿತ್ತು. ಇದ್ವಾಲ್ ಮಾಡೆಲನ್ನು ಬಟ್ಟೆಗಳ ಕೆಳಗೆ ಬಚ್ಚಿಟ್ಟ. ಒಮ್ಮೆ ತೆಗೆದು ಎಡ ಮಡ್‌ಗಾರ್ಡನ್ನು ತಗ್ಗು ಮಾಡಲೇ ಎಂದು ಯೋಚಿಸಿದ. ಅದೂ ತನ್ನದಲ್ಲದ್ದಕ್ಕೆ ಕೈ ಹಾಕಿದಂತೆಯೇ ಎನಿಸಿ ಹಾಗೇ ಇಟ್ಟ. ಬೇರೆ ಯಾವ ಕೆಲಸಕ್ಕೂ ಅವನ ಕೈ ಏಳಲಿಲ್ಲ.

ಅಕ್ಟೋಬರಿನಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಗೆಥಿನ್ ನಿಂತಿದ್ದ, ಒಂದು ಕೈಯಲ್ಲಿ ಕೋಲು, ಕಂಕುಳಲ್ಲಿ ಪೇಪರ್ ಅಂಗಡಿಯಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಟ್ರ್ಯಾಕ್ಟರ್ ಕಿಟ್. ಮೈಮೇಲೆ ಇದ್ವಾಲ್ ಕಾಣದ ಹೊಸ ಕೋಟು. ಕೇಳದೆಯೇ ಒಳಗೆ ಬಂದು ತನ್ನ ಕುರ್ಚಿಯಲ್ಲಿ ಕೂತ.

"ನೆಸ್ತಾ ಹೇಳಿದ್ಲು, ಬಟ್ಟೆ ವಿಷಯ" ಎಂದ. "ಕೂತ್ಕೊಂಡು ಅತ್ಲು. ಅವಳ ಮೇಲೆ ಕೋಪ ಬರ್ಲಿಲ್ಲ. ಅವಳಿಗೆ ನೋಡೋಕಾಗ್ಲಿಲ್ಲ, ಕೊಟ್ಲು. ನಿನ್ನ ಮೇಲೆ ಇನ್ನೂ ಇದೆ."

"ಇರ್ಲಿ" ಎಂದ ಇದ್ವಾಲ್.

"ಅವಳನ್ನ ಬಚಾವ್ ಮಾಡೋಕೆ ಸುಳ್ಳು ಹೇಳಿದ್ಯಲ್ಲ, ಅದಕ್ಕೆ ಬಂದೆ. ಇಲ್ದಿದ್ರೆ ಬರ್ತಿರ್ಲಿಲ್ಲ. ಈಗ ನೋಡು, ಇದನ್ನ ನಾನು ಮಾಡ್ತೀನಿ. ಹಿಡ್ಕೊ ಅಂದಾಗ ಹಿಡ್ಕೊ. ಅಂಟಿಗೆ ಕೈ ಹಾಕಕೂಡ್ದು."

ಎಡಗೈಯಲ್ಲಿ ಗೆಥಿನ್ ಒಂದು ಭಾಗವನ್ನು ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಿದ, ಅಂಚು ಹರಿದುಹೋಯಿತು. ಅಂಟು ಅಗತ್ಯಕ್ಕಿಂತ ಹೆಚ್ಚಾಗಿ ಸುರಿದು ಬೆರಳಿಗೆ ಮೆತ್ತಿಕೊಂಡಿತು. ಇದ್ವಾಲ್ ತುಟಿ ಬಿಗಿಹಿಡಿದು ಟ್ರ್ಯಾಕ್ಟರಿನ ಒಡಲನ್ನು ಎರಡೂ ಕೈಯಿಂದ ಹಿಡಿದಿದ್ದ. ಫೋನು ಬಂದ ಬೆಳಿಗ್ಗೆ ತನ್ನ ಮನಸ್ಸಿಗೆ ಬಂದದ್ದನ್ನು ಈಗ ಹೇಳಿಬಿಡಲೇ ಎಂದು ಅವನಿಗೆ ಅನಿಸಿತು. ಹೇಳಿದರೆ ತನ್ನ ಎದೆ ಹಗುರಾಗುತ್ತದೆ, ಭಾರವೆಲ್ಲ ಎದುರಿಗೆ ಕೂತವನ ಮೇಲೆ ಹೋಗುತ್ತದೆ. ಅವನು ಅದನ್ನು ನುಂಗಿಕೊಂಡ, ಅವತ್ತೂ, ಆಮೇಲೂ.

"ಚಕ್ರ ನೆಟ್ಟಗೆ ಕೂತಿದೆಯಾ?" ಎಂದು ಕೇಳಿದ ಗೆಥಿನ್.

"ಇಲ್ಲ. ಸ್ವಲ್ಪ ವಾರೆ."

"ಇರ್ಲಿ ಬಿಡು, ಹೊಲ ಉಳೋದೇನಿದೆ ಇದ್ರಲ್ಲಿ" ಎಂದು ಗೆಥಿನ್ ಮುಂದಿನ ಭಾಗಕ್ಕೆ ಕೈ ಚಾಚಿದ.