ಅಳತೆಯ ಅಂಗಿ

ಸಾಯುವುದಕ್ಕೆ ಎರಡು ವಾರ ಮುಂಚೆ ಅಮ್ಮ ದೊಡ್ಡ ಮಗಳ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು. "ಹೊಟ್ಟೆನೋವು ಅಂತ ಹೇಳು, ಅಷ್ಟೇ. ಇಂಥ ಕಾಯಿಲೆ, ಇಂಥ ಜಾಗದಲ್ಲಿ ಅಂತ ಯಾರ ಹತ್ತಿರಾನೂ ಬಾಯಿ ಬಿಡಬೇಡ. ನಾಳೆ ನಿಮ್ಮಿಬ್ಬರನ್ನ ಯಾರು ಮಾಡ್ಕೋತಾರೆ? ಚಿಕ್ಕವಳಿಗಂತೂ ಗೊತ್ತೇ ಆಗಬಾರದು." ಆಗ ದೊಡ್ಡವಳಿಗೆ ಹತ್ತೊಂಬತ್ತು, ಚಿಕ್ಕವಳಿಗೆ ಒಂಬತ್ತು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿದ್ದ ಆ ಬೆರಳುಗಳನ್ನು ಒತ್ತಿ ಹಿಡಿದು, "ಹೇಳಲ್ಲಮ್ಮ" ಎಂದಿದ್ದಳು ದೊಡ್ಡವಳು.

ಈಗ ದೊಡ್ಡವಳಿಗೆ ನಲವತ್ತೊಂದು. ಅಮ್ಮನ ಹೊಲಿಗೆ ಯಂತ್ರ, ಅಮ್ಮನ ಕತ್ತರಿ, ಅಮ್ಮನ ಗಿರಾಕಿಗಳು ಎಲ್ಲ ಅವಳಿಗೇ ಬಂದಿದ್ದವು. ಬೀದಿಯವರ ಬಾಯಲ್ಲಿ ಅವಳು ಟೈಲರಮ್ಮ. ಆಸ್ಪತ್ರೆಯಿಂದ ಮನೆಗೆ ಬಂದು ಎಂಟು ದಿನವಾಗಿತ್ತು. ಹೊಕ್ಕುಳ ಹತ್ತಿರ ಒಂದು, ಎಡಕ್ಕೊಂದು, ಬಲಕ್ಕೊಂದು, ಹೀಗೆ ಮೂರು ಸಣ್ಣ ಪಟ್ಟಿ. ಅಷ್ಟರಲ್ಲೇ ಎರಡೂ ಅಂಡಾಶಯಗಳನ್ನು ತೆಗೆದಿದ್ದರು.

"ಮೂರು ತೂತು ಕೊರೆದು ಒಳಗಿನ ಸಾಮಾನು ಹೊರಗೆ ತೆಗೀತಾರೆ ಅಂದ್ರೆ ಏನು ಕೈ ಮಾರಾಯ್ತಿ ಅವರದ್ದು!" ಎನ್ನುತ್ತಿದ್ದ ಗಂಡ. ಅವನದು ಪಂಪ್ ರಿಪೇರಿ ಕೆಲಸ. "ನಾನಾಗಿದ್ರೆ ಇಡೀ ಮೋಟರ್ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತಿರ್ತಿದ್ದೆ."

"ಹರಡಿದ್ದನ್ನ ವಾಪಸ್ ಜೋಡಿಸೋಕೆ ಇನ್ನೊಬ್ಬ ಮೆಕ್ಯಾನಿಕ್ ಬರಬೇಕಿತ್ತು" ಎಂದು ನಗಲು ಹೋಗಿ ಅವಳು ಹೊಟ್ಟೆ ಹಿಡಿದುಕೊಂಡಳು. "ನಗಿಸಬೇಡಿ ರೀ, ಎಳೆಯುತ್ತೆ."

ನೋವು ಅಷ್ಟೇನೂ ಇರಲಿಲ್ಲ. ಮೊದಲ ಮೂರು ದಿನ ಹೊಟ್ಟೆಗಿಂತ ಭುಜವೇ ಹೆಚ್ಚು ನೋಯುತ್ತಿತ್ತು. ಆಪರೇಷನ್ ಮಾಡುವಾಗ ಹೊಟ್ಟೆಗೆ ತುಂಬಿದ ಗಾಳಿಯಿಂದ ಹಾಗಾಗುತ್ತದೆ ಎಂದು ನರ್ಸ್ ಹೇಳಿದ್ದಳು. ಅದು ಹೋಯಿತು. ಹೋಗದೆ ಉಳಿದದ್ದು ಬೇರೆ. ಒಮ್ಮೊಮ್ಮೆ ಯಾರೋ ಒಳಗಿನಿಂದ ಇಸ್ತ್ರಿಪೆಟ್ಟಿಗೆ ಎಳೆದಂತೆ ಎದೆಯಿಂದ ಕತ್ತಿನವರೆಗೆ ಬಿಸಿಯೇರುತ್ತಿತ್ತು. ಬೆವರು ಒರೆಸಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುವಳು. ಮದುವೆಯಾದ ಹದಿನೆಂಟು ವರ್ಷವೂ ತಿಂಗಳಿಗೊಮ್ಮೆ ಅದರ ಮೇಲೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟಿದ್ದಳು. ಈ ಸಲ ತಡವಾಗಬಹುದು, ಈ ಸಲ ಆಗಬಹುದು ಎಂದು. ಇನ್ನು ಚುಕ್ಕೆ ಇಡುವ ಕೆಲಸವಿಲ್ಲ. ಆದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಅಮ್ಮ ಇದ್ದಿದ್ದರೆ ಎನಿಸುತ್ತಿತ್ತು. ಏನೂ ಮಾಡುವುದು ಬೇಡ, ಮಂಚದ ತುದಿಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದರೆ ಸಾಕಿತ್ತು. ನಡುಮನೆಯ ಹೊಲಿಗೆ ಯಂತ್ರದ ಮೇಲೆ ದುಪ್ಪಟಿ ಹೊದಿಸಿದ್ದರು. ಆರು ವಾರ ಕಾಲಲ್ಲಿ ತುಳಿಯುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ. ಅದರ ಟಕಟಕ ಇಲ್ಲದ ಮನೆ ಅವಳಿಗೇ ಪರಕೀಯವಾಗಿತ್ತು.

ಬೀದಿಗೆಲ್ಲ ಹರ್ನಿಯಾ ಎಂದು ಹೇಳಿಸಿದ್ದಳು. ನೋಡಲು ಬಂದ ಎದುರುಮನೆ ಟೀಚರಮ್ಮ, "ಹರ್ನಿಯಾ ಗಂಡಸರಿಗೆ ಬರೋದಲ್ವಾ?" ಎಂದಾಗ ಗಂಡ ಅವಸರದಲ್ಲಿ, "ಮೆಷಿನ್ ತುಳಿದೂ ತುಳಿದೂ ಬಂತಂತೆ" ಎಂದುಬಿಟ್ಟಿದ್ದ. ಟೀಚರಮ್ಮ ನಂಬಿದರೋ ಬಿಟ್ಟರೋ, ಕಿತ್ತಳೆಹಣ್ಣು ಇಟ್ಟು ಹೋಗಿದ್ದರು.

ಅವರು ಆಚೆ ಹೋದಮೇಲೆ ಗಂಡ ಮುಖ ಸಣ್ಣದು ಮಾಡಿಕೊಂಡ. "ಬೀದಿಯವರಿಗೆ ಬೇಡ ಬಿಡು. ತಂಗಿಗಾದ್ರೂ ಹೇಳೇ. ರಿಪೋರ್ಟ್ ಕೊಡುವಾಗ ಡಾಕ್ಟರಮ್ಮ ಏನಂದ್ರು? ಕೆಟ್ಟದ್ದು ಈಗಷ್ಟೇ ಶುರುವಾಗಿತ್ತು, ಹರಡಿಲ್ಲ, ನಿಮ್ಮ ಪುಣ್ಯ ಅಂದ್ರು. ಒಡಹುಟ್ಟಿದವರಿದ್ರೆ ತೋರಿಸ್ಕೊಳ್ಳಲಿ ಅಂತಾನೂ ಅಂದ್ರು."

"ಅವಳಿಗೆ ಈಗ ತಾನೇ ಸಂಬಂಧ ಗೊತ್ತಾಗಿದೆ ರೀ. ಮೂವತ್ತೊಂದು ವರ್ಷಕ್ಕೆ. ಹುಡುಗ ಬೇರೆ ಯಾರೂ ಅಲ್ಲ, ಇದೇ ಟೀಚರಮ್ಮನ ತಮ್ಮನ ಮಗ. ಈ ಮನೆ ಹೆಣ್ಣುಮಕ್ಕಳ ಹೊಟ್ಟೇಲಿ ಇಂಥದ್ದಿದೆ ಅಂತ ಕಿವಿಗೆ ಬಿದ್ರೆ ನಿಲ್ಲುತ್ತಾ? ಮದುವೆ ಆಗಲಿ, ಆಮೇಲೆ ಹೇಳೋಣ."

"ಆಮೇಲೆ ಅಂದ್ರೆ ಯಾವಾಗ?"

ಅವಳು ಗೋಡೆ ಕಡೆ ಮಗ್ಗುಲಾದಳು. ಅಮ್ಮನ ವಿಷಯ ಅವನಿಗೂ ಹೇಳಿರಲಿಲ್ಲ. "ನಿಮ್ಮ ತಾಯಿಗೂ ಹೀಗೇ ಇತ್ತಾ?" ಎಂದು ಅವನಿಲ್ಲದ ಹೊತ್ತಿನಲ್ಲಿ ಡಾಕ್ಟರಮ್ಮ ಕೇಳಿದಾಗ ಬಾಯಿ ಬಿಡದೆ, ಹೌದೆಂದು ತಲೆ ಮಾತ್ರ ಆಡಿಸಿದ್ದಳು. ತಲೆ ಆಡಿಸಿದ್ದು ಹೇಳಿದಂತಲ್ಲವಲ್ಲ ಎಂದು ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಭಾನುವಾರ ತಂಗಿ ಬಂದಳು. ಎರಡು ಬಸ್ಸು ಬದಲಿಸಿ ಬರಬೇಕಾದ ಊರಿನಲ್ಲಿ ಅವಳಿಗೆ ಅಂಚೆಕಚೇರಿಯ ಕೆಲಸ. ಭಾವ ಬಾಗಿಲು ತೆಗೆದು, "ಬಾರಮ್ಮ ಮದುಮಗಳೇ" ಎಂದು ಕಾಲೆಳೆದು, ಚಹಾ ಇಡಲು ಒಳಗೆ ಹೋದ. ತಂಗಿ ಮಂಚದ ಮೇಲೆ ಕೂತಳು. ಬಸ್ಸಿನ ಗಲಾಟೆ, ಆಫೀಸಿನ ರಜೆ, ಹವೆ ಎಲ್ಲ ಮಾತಾಯಿತು. ಎಷ್ಟೋ ವರ್ಷದಿಂದ ಅವರಿಬ್ಬರ ನಡುವೆ ಇಷ್ಟೇ ಮಾತು. ಒಂದು ವಿಷಯ ಮುಚ್ಚಿಡಲು ಹೋಗಿ ಅದರ ಸುತ್ತಲಿನ ಹತ್ತು ವಿಷಯಗಳನ್ನೂ ಅಕ್ಕ ಮುಚ್ಚಿಡಬೇಕಾಗಿತ್ತು. ಪಕ್ಕದಲ್ಲೇ ಕೂತಿದ್ದ ತಂಗಿಗಾಗಿ ಅವಳ ಜೀವ ಹಂಬಲಿಸಿತು.

"ತಗೋ" ಎಂದು ತಂಗಿ ಚೀಲದಿಂದ ಕೆನೆಬಣ್ಣದ ರೇಷ್ಮೆ ಬಟ್ಟೆ ತೆಗೆದಳು. "ಮದುವೆ ದಿನದ ಉದ್ದ ಅಂಗಿ. ಬೇರೆಯವರ ಕೈಲಿ ಹೊಲಿಸಲ್ಲ. ಎದ್ದು ಓಡಾಡೋ ಹಾಗಾದ ಮೇಲೆ ಹೊಲಿ. ಅಳತೆಗೆ ಈ ಹಳೇ ಅಂಗಿ ತಂದಿದೀನಿ."

"ಎದುರಿಗೇ ಇದೀಯಲ್ಲ, ಟೇಪ್ ಹಿಡಿದ್ರೆ ಆಯ್ತು."

"ಬೇಡಪ್ಪ. ದಪ್ಪ ಆಗಿದೀನಿ, ನೀನು ಬೈತೀಯ" ಎಂದು ನಕ್ಕಳು.

ಅಷ್ಟರಲ್ಲಿ ಭಾವ ಚಹಾ, ಬಿಸ್ಕತ್ತು ತಂದಿಟ್ಟು ಔಷಧಿ ಅಂಗಡಿಗೆ ಹೊರಟ. ತಂಗಿ ಒಂದು ಬಿಸ್ಕತ್ತು ಮುರಿದು ಅರ್ಧ ಉಳಿಸಿದಳು.

"ದಪ್ಪ ಆದವಳು ತಿನ್ನೋದು ಇಷ್ಟೇನಾ?"

"ಏನೋ ಅಕ್ಕ, ಎರಡು ತುತ್ತಿಗೇ ಹೊಟ್ಟೆ ತುಂಬಿಬಿಡುತ್ತೆ."

ಅಕ್ಕನ ಕೈಯಲ್ಲಿದ್ದ ಲೋಟ ನಿಂತಿತು. ಅಮ್ಮ ಅಂದದ್ದು ಇದೇ ಮಾತು. ಅಳತೆಯ ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಯಾವ ಬಟ್ಟೆ ಕೈಗೆ ಬಂದರೂ ಮಾಡುವಂತೆ ಒಳಮಗ್ಗುಲು ಹೊರಗೆ ಮಾಡಿದಳು. ಒಳಗೆ ಎರಡಿಂಚು ಬಟ್ಟೆ ಬಿಟ್ಟು ಹೊಲಿಯುವುದು ಅಮ್ಮ ಕಲಿಸಿದ ಪದ್ಧತಿ. ಮುಂದೆ ಬಿಗಿಯಾದರೆ ಬಿಚ್ಚಿಕೊಳ್ಳಲಿ ಎಂದು. ಆ ಎರಡಿಂಚಿನಲ್ಲಿ ಒಂದೂವರೆ ಇಂಚು ಬಿಚ್ಚಿ ಹೋಗಿತ್ತು. ಸೊಂಟದ ಹತ್ತಿರ ಹಳೆಯ ಹೊಲಿಗೆಯ ತೂತುಗಳು ಎರಡು ಸಾಲಾಗಿ ಕಾಣುತ್ತಿದ್ದವು. ತೋಳಿನಲ್ಲಿ ಮಾತ್ರ ತದ್ವಿರುದ್ಧ, ಸಡಿಲವಾಯಿತೆಂದು ಒಳಗೆ ಹಿಡಿದು ಕೈಹೊಲಿಗೆ ಹಾಕಿತ್ತು.

ದಪ್ಪವಾದವರಿಗೆ ತೋಳೂ ದಪ್ಪವಾಗುತ್ತದೆ. ಇಷ್ಟು ವರ್ಷದಲ್ಲಿ ಸಾವಿರಾರು ಅಂಗಿ ಹೊಲಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಎಷ್ಟು ದಿನದಿಂದ ಹೀಗೆ?"

"ಮೂರ್ನಾಲ್ಕು ತಿಂಗಳಾಯ್ತೇನೋ. ಯಾಕಕ್ಕ ಹಂಗೆ ನೋಡ್ತೀಯ?"

ಮದುವೆಗೆ ಎರಡು ತಿಂಗಳಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಮದುವೆ ನಡೆಯುತ್ತದೆ. ಆಮೇಲೆ? ಅಮ್ಮನ ಕೈಯ ಬಿಗಿ ಅವಳಿಗೆ ಈಗಲೂ ತನ್ನ ಕೈಯಲ್ಲಿ ತಿಳಿಯುತ್ತಿತ್ತು.

"ಕಪಾಟಿನ ಕೆಳಗಿನ ಖಾನೆ ತೆಗಿ. ನನಗೆ ಬಗ್ಗೋಕಾಗಲ್ಲ. ಬಿಳಿ ಬಟ್ಟೇಲಿ ಸುತ್ತಿರೋದು ಕೊಡು."

ಗಂಟು ಬಿಚ್ಚಿದ ತಂಗಿ ಅಲ್ಲೇ ನೆಲದ ಮೇಲೆ ಕೂತಳು. "ಇದು ಅಮ್ಮನ ನೀಲಿ ಅಂಗಿ ಅಲ್ವಾ? ನನಗೆ ನೆನಪಿದೆ ಕಣೆ" ಎಂದು ಮುಖಕ್ಕೆ ಒತ್ತಿಕೊಂಡಳು. "ವಾಸನೆ ಏನೂ ಉಳಿದಿಲ್ಲ" ಎಂದಳು.

"ತಿರುಗಿಸಿ ನೋಡು."

ಎರಡು ಅಂಗಿಗಳೂ ಒಳಮಗ್ಗುಲು ಹೊರಗಾಗಿ ಮಂಚದ ಮೇಲೆ ಅಕ್ಕಪಕ್ಕ ಬಿದ್ದವು. ಅಮ್ಮನದರಲ್ಲಿ ತೂತುಗಳು ಮೂರು ಸಾಲು. ತೋಳು ಒಳಗೆ ಹಿಡಿದಿತ್ತು. ಅದೇ ಕೈಹೊಲಿಗೆ.

"ಅಮ್ಮ ಹೊಟ್ಟೆನೋವಿಂದ ಹೋಗಲಿಲ್ಲ. ಅಂಡಾಶಯದಲ್ಲಿ ಕ್ಯಾನ್ಸರ್ ಇತ್ತು. ಯಾರಿಗೂ ಕಾಣಬಾರದು ಅಂತ ಅಂಗಿ ಬಿಚ್ಚಿ ಬಿಚ್ಚಿ ದೊಡ್ಡದು ಮಾಡ್ಕೊಂಡ್ಳು. ಡಾಕ್ಟರ ಹತ್ತಿರ ಹೋಗೋ ಹೊತ್ತಿಗೆ ಬಿಚ್ಚೋಕೆ ಬಟ್ಟೇನೇ ಉಳಿದಿರಲಿಲ್ಲ." ಅವಳು ತನ್ನ ಅಂಗಿ ಮೇಲೆತ್ತಿ ಮೂರು ಪಟ್ಟಿ ತೋರಿಸಿದಳು. "ಇದೂ ಹರ್ನಿಯಾ ಅಲ್ಲ. ಅದೇ. ನಂದು ಬೇಗ ಸಿಕ್ತು. ನೀನು ನಾಳೇನೇ ತೋರಿಸ್ಕೋಬೇಕು."

ತಂಗಿ ಪಟ್ಟಿಗಳನ್ನೇ ನೋಡಿದಳು. "ಇಪ್ಪತ್ತೆರಡು ವರ್ಷ. ನನ್ನ ಹತ್ತಿರಾನೂ..." ದನಿ ಏರಿ, ಒಡೆಯಿತು. "ಅಮ್ಮನಿಗೆ ಏನಾಗಿತ್ತು ಅಂತ ನಾನು ಎಷ್ಟು ಸಲ ಕೇಳಿದೀನಿ. ನಾನೇ ಏನೋ ತೊಂದರೆ ಕೊಟ್ಟು ಅವಳಿಗೆ ಹೊಟ್ಟೆನೋವು ಬಂತು ಅಂದ್ಕೊಂಡು ಬೆಳೆದೆ, ಗೊತ್ತಾ ನಿಂಗೆ?"

ಅದು ಅಕ್ಕನಿಗೆ ಗೊತ್ತಿರಲಿಲ್ಲ. ಅವಳು ಕೈ ಚಾಚಿದಳು. ತಂಗಿ ಬೇಗ ಹಿಡಿಯಲಿಲ್ಲ. ಹಿಡಿದಮೇಲೆ ಬಿಡಲೂ ಇಲ್ಲ.

ಬಾಗಿಲಲ್ಲಿ ಟೀಚರಮ್ಮನ ದನಿ ಕೇಳಿಸಿತು. "ಏನ್ರೀ ಟೈಲರಮ್ಮ, ಹರ್ನಿಯಾ ಹೇಗಿದೆ? ನಮ್ಮ ಸೊಸೆ ಬಂದಿದಾಳಂತೆ!" ಎನ್ನುತ್ತಲೇ ಒಳಗೆ ಬಂದರು. ಬಂದವರು ಅಕ್ಕತಂಗಿಯರ ಮುಖ ನೋಡಿ ನಿಂತರು.

ಟೈಲರಮ್ಮ ತಂಗಿಯತ್ತ ನೋಡಿದಳು. ತಂಗಿ ಮೂಗು ಒರೆಸಿಕೊಂಡು, ಹೇಳು ಎಂಬಂತೆ ತಲೆಯಾಡಿಸಿದಳು.

"ಹರ್ನಿಯಾ ಅಲ್ಲ ಟೀಚರಮ್ಮ. ಎರಡೂ ಅಂಡಾಶಯ ತೆಗೆಸಿದೀನಿ. ನಮ್ಮಮ್ಮ ತೀರಿಕೊಂಡದ್ದೂ ಅದರಿಂದಾನೇ. ನಾಳೆ ಇವಳನ್ನೂ ಕರ್ಕೊಂಡು ಹೋಗ್ತೀವಿ. ನಿಮ್ಮ ತಮ್ಮನ ಮನೇಲಿ ಹೇಳಬೇಕು ಅನ್ಸಿದ್ರೆ ಹೇಳಿ."

ಟೀಚರಮ್ಮ ಕುರ್ಚಿಯ ಮೇಲೆ ಕೂತರು. ಮಂಚದ ಮೇಲಿನ ಎರಡು ಅಂಗಿಗಳನ್ನು ನೋಡಿದರು. ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. ತರಗತಿಯಲ್ಲಿ ಎಂದೂ ಬಳಸದ ಸಣ್ಣ ದನಿಯಲ್ಲಿ ಕೇಳಿದರು: "ಆ ಡಾಕ್ಟರಮ್ಮ... ಸೋಮವಾರ ಎಷ್ಟು ಗಂಟೆಗೆ ಸಿಗ್ತಾರೆ?"

ಸಂಬಂಧ ಉಳಿಯುತ್ತದೋ ಇಲ್ಲವೋ ಆ ಮಧ್ಯಾಹ್ನ ಯಾರಿಗೂ ತಿಳಿದಿರಲಿಲ್ಲ. ಕೆನೆಬಣ್ಣದ ಬಟ್ಟೆಯನ್ನು ಮಡಿಸಿ ಯಂತ್ರದ ಮೇಲಿಡಲು ಟೈಲರಮ್ಮ ತಂಗಿಗೆ ಹೇಳಿದಳು. "ತೋರಿಸ್ಕೊಂಡು ಬಾ. ಆಮೇಲೆ ನಿನ್ನ ಮೈಮೇಲೇ ಟೇಪ್ ಹಿಡಿದು ಅಳತೆ ತಗೋತೀನಿ."

ಅಮ್ಮನಿಗೆ ಕೊಟ್ಟ ಮಾತನ್ನು ಅವಳು ಮುರಿದಿದ್ದಳು.