ಚಿಪ್ಪಿನ ಹೊಗೆ

“ಗಾಜು ಇಳ್ಸಿ ಸಾ. ಈ ತಣ್ಣನೆ ಗಾಳೀಲಿ ನನ್ ಮೂಗು ಸತ್ತೋಗ್ಯದೆ,” ಎಂದಳು ಜುಂಜಮ್ಮ.

ಸೂರ್ಯಪ್ರಕಾಶ್ ಏಸಿ ಆರಿಸಿ ಕಾರಿನ ಗಾಜು ಇಳಿಸಿದ. ಕೆಂಕೆರೆ ಕಡೆಯ ತೋಟಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಅದರೊಳಗೆ ಮೂರು ಕಡೆ ಹೊಗೆ ಏಳುತ್ತಿತ್ತು. ಅವಳು ಕತ್ತು ಹೊರಗೆ ಚಾಚಿ ಮೂಸಿದಳು.

“ಅದು ಸೋಗೆ ಸುಡ್ತಿರೋದು. ಆ ಕಡೇದು ನೀರೊಲೆ. ಯಾರೋ ಬಾಣಂತಿಗೆ ಕಾಯಿಸ್ತವ್ರೆ.”

“ಬಾಣಂತಿ ಅಂತಾನೂ ಗೊತ್ತಾಗುತ್ತಾ?”

“ಇಷ್ಟೊತ್ಗೆ ಹಂಡೆ ತುಂಬ ನೀರು ಇನ್ಯಾರಿಗೆ ಸಾ? ನಿಮಗಾ?”

ಅವನು ನಕ್ಕ. ನಕ್ಕು ಮೂರನೆಯದರತ್ತ ಬೆರಳು ಮಾಡಿದ. ಅದು ಏನೆಂದು ಜುಂಜಮ್ಮನ ಮೂಗಿಗೆ ಆಗಲೇ ತಿಳಿದಿತ್ತು. ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

“ಚಿಪ್ಪು,” ಎಂದಳು.

ತೆಂಗಿನ ಚಿಪ್ಪನ್ನು ತೆರೆದ ಗುಂಡಿಯಲ್ಲಿ ಸುಟ್ಟು ಇದ್ದಲು ಮಾಡುವಂತಿಲ್ಲ, ಚಿಮಣಿಯಿರುವ ಮುಚ್ಚಿದ ಕುಲುಮೆಯೇ ಆಗಬೇಕು ಎಂದು ಪೊಲ್ಯೂಷನ್ ಬೋರ್ಡಿನ ಆದೇಶ ಬಂದು ಐದು ತಿಂಗಳಾಗಿತ್ತು. ಕುಲುಮೆಗೆ ನಲವತ್ತು ಲಕ್ಷ. ಹಾಕಿಸಲು ಆದದ್ದು ಸುತ್ತಮುತ್ತ ಒಂದೇ ಕಂಪನಿಗೆ. ಸೂರ್ಯಪ್ರಕಾಶ್ ಅದರ ಮ್ಯಾನೇಜರ್. ಜುಂಜಮ್ಮ ಇಪ್ಪತ್ತೆರಡು ವರ್ಷ ಸುಟ್ಟ ಗುಂಡಿಗೆ ಜೆಸಿಬಿ ಅರ್ಧ ಗಂಟೆಯಲ್ಲಿ ಮಣ್ಣು ಎಳೆದು ಹೋಗಿತ್ತು. ಆದೇಶ ತಪ್ಪು ಎನ್ನಲು ಅವಳಿಗೆ ಬಾಯಿರಲಿಲ್ಲ. ಗಂಡ ಗೊಲ್ಲರಪ್ಪ ಉಗುಳಿದರೆ ಕರ್ರಗೆ ಬೀಳುತ್ತಿತ್ತು. ಈಗ ಮನೆ ಬಾಗಿಲಿಂದ ಬೇಲಿಯವರೆಗೆ ನಡೆಯಲೂ ಅವನಿಗೆ ಉಸಿರು ಸಾಲದು. ಆದರೆ ಹೊಗೆಗೆ ಶಾಪ ಹಾಕುತ್ತಿದ್ದ ತೋಟದವರೇ ಈಗ ಕಂಪನಿಗೆ ಶಾಪ ಹಾಕುತ್ತಿದ್ದರು. ಕೊಳ್ಳುವವನು ಒಬ್ಬನೇ ಆದಮೇಲೆ ಚಿಪ್ಪಿನ ರೇಟು ಅರ್ಧಕ್ಕೆ ಇಳಿದಿತ್ತು. ಹಾಗಾಗಿ ಒಂದಿಷ್ಟು ಚಿಪ್ಪು ಕದ್ದುಮುಚ್ಚಿ ಗುಂಡಿಗಳಿಗೇ ಹೋಗುತ್ತಿತ್ತು. ಮಂಜು ಬಿದ್ದ ಹೊತ್ತು ನೋಡಿ ಸುಡುತ್ತಿದ್ದರು. ಮಂಜಿನಲ್ಲಿ ಬೆರೆತ ಹೊಗೆ ಯಾವುದರದೆಂದು ಹೇಳಬಲ್ಲವರು ಸುಟ್ಟು ಪಳಗಿದವರು ಮಾತ್ರ.

ಅದಕ್ಕೇ ಕಂಪನಿಗೆ ಅವಳು ಬೇಕಾಗಿದ್ದಳು. ಇವತ್ತು ಅಂಥದೊಂದು ಗುಂಡಿ ತೋರಿಸಿಕೊಟ್ಟರೆ ಕೆಲಸ ಖಾಯಂ. ಇಎಸ್ಐ ಕಾರ್ಡು ಸಿಕ್ಕರೆ ಗೊಲ್ಲರಪ್ಪನನ್ನು ದೊಡ್ಡಾಸ್ಪತ್ರೆಗೆ ಸೇರಿಸಬಹುದು. ಅದೊಂದು ಕಾರ್ಡಿನ ಆಸೆಗೆ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದು ಕಾರು ಹತ್ತಿದ್ದಳು.

ಆ ಮೂರನೆಯ ಹೊಗೆಯ ಗುಂಡಿಯ ಪಕ್ಕ ಸಲಿಕೆ ಊರಿಕೊಂಡು ನಿಂತಿದ್ದವನು ಕೆಂಚಯ್ಯ. ಎಷ್ಟೋ ವರ್ಷ ಇಬ್ಬರೂ ಒಂದೇ ಲಾರಿಗೆ ಇದ್ದಲು ತುಂಬಿದವರು. ಕಾರು ಕಂಡು ಅವನು ಓಡಲಿಲ್ಲ. ಇಳಿದವಳನ್ನು ಕಣ್ಣು ಕಿರಿದು ಮಾಡಿ ನೋಡಿದ.

“ಜುಂಜಮ್ಮನಾ? ಮೂಗು ಬಾಡಿಗೆಗೆ ಬುಟ್ಟಿದ್ದೀಯಾ. ಒಳ್ಳೇದು ಬುಡು.”

ಸೂರ್ಯಪ್ರಕಾಶ್ ಗುಂಡಿಯ ಸುತ್ತ ಬಂದು ಫೋಟೊ ತೆಗೆದ, ಯಾರಿಗೋ ಫೋನ್ ಮಾಡಿದ. ಬೋರ್ಡ್‌ನವರು ಒಂದು ಗಂಟೆಯಲ್ಲಿ ಬರುವರಂತೆ.

“ಕಣ್ಣಿಗೆ ಪೊರೆ ಬಂದು ನಂಗೆ ಹೊಗೆ ಬಣ್ಣ ತಿಳೀದು ಕಣವ್ವ,” ಎಂದ ಕೆಂಚಯ್ಯ, ಏನೂ ಆಗಿಲ್ಲವೆಂಬಂತೆ. “ಬಂದಿದ್ದೀಯಲ್ಲ, ನೋಡು. ಮುಚ್ಚೋ ಹೊತ್ತಾಯ್ತಾ?”

ಅವಳು ನೋಡಿದಳು. ಬಿಳಿ ಹೊಗೆ ಕಳೆದು ನೀಲಿ ಎಳೆ ಕಾಣಿಸಿಕೊಂಡಿತ್ತು. ಈಗ ತಗಡು ಹೊದಿಸಿ ಹಸಿಮಣ್ಣು ಮೆತ್ತಿದರೆ ಇದ್ದಲು. ಬಿಟ್ಟರೆ ಬೂದಿ.

“ಆಗ್ಯದೆ ಕಣಣ್ಣ. ಹಿಡಿ ತಗಡ.”

“ಮುಟ್ಬೇಡಮ್ಮ,” ಎಂದ ಸೂರ್ಯಪ್ರಕಾಶ್. “ಬೋರ್ಡ್‌ನೋರು ಬಂದಾಗ ಉರೀತಿರ್ಬೇಕು.”

“ಬೂದಿಯಾಗೋಯ್ತದೆ ಸಾ.”

“ಆಗ್ಲಿ. ಹೆಂಗಿದ್ರೂ ಅವರು ತಗೊಂಡು ಹೋಗೋದೇ ಅಲ್ವಾ?”

“ತಗೊಂಡೋಗ್ಲಿ. ಇದ್ದಲು ತಗೊಂಡೋಗ್ಲಿ.”

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ತಗಡಿನ ಒಂದು ತುದಿ ಹಿಡಿದಳು. ಕೆಂಚಯ್ಯ ಇನ್ನೊಂದು ತುದಿ ಹಿಡಿದ. ಝಳ ಮುಖಕ್ಕೆ ಹೊಡೆಯಿತು. ಇಬ್ಬರೂ ಮಂಡಿಯೂರಿ ಅಂಚಿಗೆ ಮಣ್ಣು ಮೆತ್ತತೊಡಗಿದರು. ಸೂರ್ಯಪ್ರಕಾಶ್ ಅಡ್ಡ ಬರಲಿಲ್ಲ. ಕಾರಿನಿಂದ ಒಂದು ಹಾಳೆಯನ್ನೂ ಪೆನ್ನನ್ನೂ ತಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ.

“ನೋಡಮ್ಮ, ಇದನ್ನ ನಾನು ನೋಡೇ ಇಲ್ಲ ಅನ್ಕೊ. ಫೋಟೊ ಸಿಕ್ಕಿದೆ, ನಂಗೆ ಸಾಕು. ಇಲ್ಲೊಂದು ಸೈನ್ ಹಾಕು, ನಾಳೆಯಿಂದ ಬಾ. ಬರೋ ತಿಂಗಳು ಕಾರ್ಡು ಕೈಲಿರುತ್ತೆ.”

ಹಾಳೆಯ ಮೇಲೆ ಅವಳ ಫೋಟೊ ಅಂಟಿಸಿತ್ತು. ಕೆಳಗೆ ಗೊಲ್ಲರಪ್ಪನ ಹೆಸರು, ವಯಸ್ಸು.

ಕೆಂಚಯ್ಯ ಕೈ ನಿಲ್ಲಿಸಿದ. “ಹಾಕವ್ವ. ನನ್ ಗುಂಡಿ ಹೆಂಗೂ ಹೋಯ್ತು. ನಿನ್ ಗಂಡನಾದ್ರೂ ಉಳೀಲಿ. ನಾನೇನೂ ಅನ್ಕಳಾಕಿಲ್ಲ.”

ತಗಡಿನ ಮೂಲೆಯೊಂದರಿಂದ ಹೊಗೆ ಇನ್ನೂ ನುಸುಳುತ್ತಿತ್ತು. ಜುಂಜಮ್ಮ ಬೊಗಸೆ ತುಂಬ ಮಣ್ಣು ತೆಗೆದು ಅಲ್ಲಿಗೆ ಮೆತ್ತಿದಳು, ಅಂಗೈಯಿಂದ ಸವರಿದಳು.

“ನಾ ಬರಾಕಿಲ್ಲ ಸಾ,” ಎಂದಳು.