ನಾಮಿಯೆಯ ಬಸವನಹುಳು ನಿಜರೂಪ ತಾಳಿದ್ದು

ಊರಿನ ಹೆಸರು ಬೆಪ್ಪು ಎಂದಮಾತ್ರಕ್ಕೆ ಅಲ್ಲಿನ ಜನ ಬೆಪ್ಪರೇನಲ್ಲ. ಅದರಲ್ಲೂ ಕನ್ನಾವಾ ಬೀದಿಯ ನಾಮಿಯೆಯನ್ನು ಬೆಪ್ಪಿ ಎಂದುಕೊಂಡವರು ಆಮೇಲೆ ಕೈ ಕೈ ಹಿಸುಕಿಕೊಂಡದ್ದೇ ಹೆಚ್ಚು. ಹಾಗೆ ಅಂದುಕೊಂಡವರಲ್ಲಿ ಮೊದಲಿಗಳು ಅವಳ ವಾರಗಿತ್ತಿ ಇಕುಯೊ.

ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆ ತುಂಬಿದವರು ಇವರು. ಈಗ ಗಂಡಂದಿರಿಬ್ಬರೂ ಇಲ್ಲ. ನೆಲದೊಳಗಿಂದ ಬುಸುಗುಟ್ಟುತ್ತ ಏಳುವ ಹಬೆಯ ಮೇಲೆ ಮೊಟ್ಟೆ, ಗೆಣಸು, ಜೋಳದ ತೆನೆ ಬೇಯಿಸಿ ಮಾರುವ ಅಂಗಡಿಯೊಂದು ಉಳಿದಿತ್ತು. ಅದನ್ನು ಇಬ್ಬರೂ ಸೇರಿ ನಡೆಸುತ್ತಿದ್ದರು. ಎರಡು ಜಡೆ ಒಂದೆಡೆ ಸೇರುವುದಿಲ್ಲ ಎನ್ನುತ್ತಾರೆ. ಇಬ್ಬರದೂ ಕತ್ತರಿಸಿದ ಗಿಡ್ಡ ಕೂದಲು. ಆದರೂ ಗಾದೆ ಸುಳ್ಳಾಗಲಿಲ್ಲ. ಮೊಟ್ಟೆ ಎಷ್ಟು ಹೊತ್ತು ಬೇಯಬೇಕು ಎಂಬಲ್ಲಿಂದ ಹಿಡಿದು ಟೀವಿಯಲ್ಲಿ ಯಾವ ಸುಮೊ ಪೈಲ್ವಾನ ಗೆಲ್ಲಬೇಕು ಎಂಬವರೆಗೆ ಜಗಳವೇ. ಕೊನೆಯ ಮಾತು ಮಾತ್ರ ಯಾವಾಗಲೂ ಹಿರಿಯವಳಾದ ಇಕುಯೊಳದು. ನಾಮಿಯೆ ತುಟಿ ಬಿಗಿಹಿಡಿದು, ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಂಡು, ಗೆಣಸು ತಿರುಗಿಸುತ್ತಿದ್ದಳು.

ಹೀಗಿರುವಾಗ ಬೀದಿಯ ಸಮುದಾಯ ಭವನಕ್ಕೆ ಕಜುಹಾ ಎಂಬ ಹುಡುಗಿ ಬಂದಳು. ವಯಸ್ಸಾದವರ ಬೆರಳು ಚುರುಕಾಗಿರಲಿ, ತಲೆಗೆ ತುಕ್ಕು ಹಿಡಿಯದಿರಲಿ ಎಂದು ಪುರಸಭೆಯವರು ಕಳಿಸಿದವಳು. ಹಿಂದಿನವಳು ಕಾಗದ ಮಡಚಿ ಕೊಕ್ಕರೆ ಮಾಡಿಸುತ್ತಿದ್ದಳು. ಇವಳು ಎಲ್ಲರ ಕೈಗೂ ಅಂಗೈಯಗಲದ ಆಟದ ಯಂತ್ರ ಕೊಟ್ಟಳು. ಅದರೊಳಗೆ ಬಾಕೆಜಿಮಾ ಎಂಬ ದ್ವೀಪ. ದ್ವೀಪದ ತುಂಬ ವಿಚಿತ್ರ ಪ್ರಾಣಿಗಳು. ಅವನ್ನು ಹಿಡಿಯಬೇಕು, ಸಾಕಬೇಕು, ಒಂದರ ಮೇಲೊಂದು ಕಾದಾಡಿಸಬೇಕು. ಮೊದಲ ಪ್ರಾಣಿಯನ್ನು ಆಯ್ದುಕೊಳ್ಳಿ ಎಂದಾಗ ಇಕುಯೊ ಸಾಲನ್ನೇ ಮುರಿದು ಮುಂದೆ ನುಗ್ಗಿ ಬೆಂಕಿ ಉಗುಳುವ ಮೂರು ಕಾಲಿನ ಕಾಗೆಯನ್ನು ಹೊಡೆದುಕೊಂಡಳು. ಅದಕ್ಕೆ ತೀರಿಹೋದ ಗಂಡನ ಹೆಸರನ್ನೇ ಇಟ್ಟಳು: ಇಸಾಮು.

"ಬದುಕಿದ್ದಾಗ ಒಂದು ದಿನಾನೂ ನನ್ ಮಾತು ಕೇಳ್ಲಿಲ್ಲ ಆ ಮನುಷ್ಯ," ಎಂದಳು. "ಈಗ ನೋಡು, ಗುಂಡಿ ಒತ್ತಿದ್ರೆ ಸಾಕು, ಹಾರ್ತಾನೆ!"

ಎಲ್ಲರೂ ಆರಿಸಿದ ಮೇಲೆ ಉಳಿದದ್ದು ಒಂದು ಬಸವನಹುಳು. ಅದು ನಾಮಿಯೆಯ ಪಾಲಾಯಿತು. ನೊಬಿ ಎಂದು ಕರೆದಳು.

ಬಾಜಿ ಕಟ್ಟದೆ ಆಡಿದರೆ ರುಚಿಯೇನು? ಬೀದಿಯವರೆಲ್ಲ ಸೇರುವ ಬಿಸಿನೀರಿನ ಸ್ನಾನದ ಮನೆಯನ್ನು ಮನೆಗೊಂದು ಸರದಿಯಂತೆ ತೊಳೆಯಬೇಕಿತ್ತು. ಇವರ ಮನೆಯ ಸರದಿ ಬಂದಾಗ ಸೋತವಳು ಬ್ರಷ್ ಹಿಡಿಯಬೇಕು ಎಂದು ಮಾತಾಯಿತು. ಇಸಾಮು ಒಂದು ಸಲ ರೆಕ್ಕೆ ಬಡಿದರೆ ನೊಬಿ ಚಿಪ್ಪಿನೊಳಗೆ ಸೇರಿ ಸುಟ್ಟ ಬದನೆಕಾಯಿಯಂತೆ ಹೊಗೆಯಾಡುತ್ತಿತ್ತು. ಪ್ರತಿ ಸಲವೂ ನಾಮಿಯೆಯೇ ಮಂಡಿಯೂರಿ ಸ್ನಾನದ ಮನೆಯ ಪಾಚಿ ಉಜ್ಜಿದಳು. ಇಕುಯೊ ತೊಟ್ಟಿಯೊಳಗೆ ಕುತ್ತಿಗೆವರೆಗೆ ಮುಳುಗಿ, ತಲೆಯ ಮೇಲೆ ಮಡಚಿದ ಟವೆಲು ಇಟ್ಟುಕೊಂಡು, ರಾಣಿಯಂತೆ ಅಪ್ಪಣೆ ಕೊಡುತ್ತಿದ್ದಳು.

"ಆ ಮೂಲೇಲಿ ಇನ್ನೂ ಇದೆ ಕಣೇ. ನಿನ್ ಹುಳೂನ ಬಿಟ್ರೆ ನೆಕ್ಕಿ ಶುದ್ಧ ಮಾಡುತ್ತೇನೋ!"

ಸೋತಾಗೆಲ್ಲ ಪರದೆಯ ಮೇಲೆ ಒಂದು ಪ್ರಶ್ನೆ ಮೂಡುತ್ತಿತ್ತು: ಗದರುವೆಯಾ, ಸುಮ್ಮನಿರುವೆಯಾ, ತಲೆ ಸವರುವೆಯಾ? ನಾಮಿಯೆ ಹಲ್ಲು ಕಡಿದು ಗದರುವ ಗುಂಡಿಯನ್ನೇ ಒತ್ತುತ್ತಿದ್ದಳು. ನೊಬಿಯ ಕೊಂಬುಗಳು ಒಳಕ್ಕೆ ಸೇರಿಕೊಳ್ಳುತ್ತಿದ್ದವು.

ಒಂದು ಮಧ್ಯಾಹ್ನ ಅಂಗಡಿಗೆ ಗಿರಾಕಿಗಳಿರಲಿಲ್ಲ. ನಾಮಿಯೆ ಸ್ಟೂಲಿನ ಮೇಲೆ ಕೂತು ಆಟದ ದ್ವೀಪದ ಬೆಟ್ಟ ಹತ್ತಿದಳು. ಬೆಟ್ಟದ ತುದಿಯಲ್ಲಿ ಬಿಸಿನೀರಿನ ಹೊಂಡ, ಹೊಂಡದಲ್ಲಿ ಮುದಿ ಕೋತಿ. ಉಳಿದವರೆಲ್ಲ ಆ ಕೋತಿಯ ಮಾತನ್ನು ಗುಂಡಿ ಒತ್ತಿ ಹಾರಿಸಿ ಮುಂದೆ ಹೋಗುತ್ತಿದ್ದರು. ಬಿಸಿನೀರಿನ ಊರಿನಲ್ಲಿ ಬೆಳೆದ ನಾಮಿಯೆಗೆ, ತೊಟ್ಟಿಯಲ್ಲಿ ಕೂತ ಹಿರಿಯರ ಮಾತನ್ನು ಅರ್ಧಕ್ಕೆ ತುಂಡರಿಸುವುದು ಸರಿಯೆನಿಸಲಿಲ್ಲ. ಪೂರ್ತಿ ಕೇಳಿದಳು. ಕೋತಿ ಮೈ ಕೆರೆದುಕೊಳ್ಳುತ್ತ ಹೇಳಿತು: "ಒಬ್ಬನ ಕೈಯಲ್ಲೇ ಮತ್ತೆ ಮತ್ತೆ ಸೋತರೂ ಯಾವ ಬಸವನಹುಳುವಿನ ತಲೆ ಸವರಲಾಗುತ್ತದೋ, ಅದರ ಚಿಪ್ಪಿಗೆ ಚಿನ್ನದ ಬಳೆ ಬರುತ್ತದೆ. ಬಳೆ ಬಂದ ಚಿಪ್ಪಿಗೆ ಪಾಚಿಮುತ್ತು ತೊಡಿಸಿದರೆ, ತಿಂದ ಪೆಟ್ಟನ್ನೆಲ್ಲ ತಿರುಗಿಸಿ ಕೊಡುವ ನಿಜರೂಪ ಹೊರಬರುತ್ತದೆ."

ನಾಮಿಯೆ ಸುತ್ತಮುತ್ತ ನೋಡಿದಳು. ಇಕುಯೊ ಒಳಗೆ ಗೊರಕೆ ಹೊಡೆಯುತ್ತಿದ್ದಳು.

ಮರುದಿನದಿಂದ ನಾಮಿಯೆ ಬೇಕೆಂದೇ ಸೋಲತೊಡಗಿದಳು. ಬೆಳಗಿನ ಮಿಸೊ ಸಾರಿನ ಹೊತ್ತಿಗೇ "ಅಕ್ಕ, ಒಂದಾಟ?" ಎನ್ನುವಳು. ಸೋಲುವಳು. ತಲೆ ಸವರುವ ಗುಂಡಿ ಒತ್ತುವಳು. ಮೊದಲ ಸಲ ಒತ್ತಿದಾಗ ಲಾಭದ ಆಸೆ ಬಿಟ್ಟು ಬೇರೇನೂ ಅವಳ ಮನಸ್ಸಿನಲ್ಲಿರಲಿಲ್ಲ. ಆದರೆ ನೊಬಿ ಒಂದು ಕೊಂಬನ್ನು ಮೆಲ್ಲಗೆ ಹೊರಗೆ ಚಾಚಿ, ನಿಜವೇ ಎಂಬಂತೆ ಅವಳತ್ತ ನೋಡಿ, ಆಮೇಲೆ ಇನ್ನೊಂದು ಕೊಂಬನ್ನು ಚಾಚಿತು. ನಾಮಿಯೆ ಯಂತ್ರವನ್ನು ಕಣ್ಣಿನ ಹತ್ತಿರ ಹಿಡಿದಳು. ಈ ಮನೆಗೆ ಬಂದ ಇಷ್ಟು ವರ್ಷಗಳಲ್ಲಿ ತನ್ನ ತಲೆಯನ್ನೂ ಯಾರೂ ಹೀಗೆ ಸವರಿರಲಿಲ್ಲ. ಅಲ್ಲಿಂದ ಮುಂದೆ ಸವರಿದ್ದೆಲ್ಲ ಮನಸಾರೆಯೇ.

ಇತ್ತ ಇಕುಯೊ ಗೆದ್ದು ಗೆದ್ದು ಉಬ್ಬಿದಳು. ಮೊಟ್ಟೆ ಕೊಳ್ಳಲು ಬಂದ ಪ್ರವಾಸಿಗರಿಗೂ ತನ್ನ ಕಾಗೆಯ ಪ್ರತಾಪ ಹೇಳತೊಡಗಿದಳು. ನಡುನಡುವೆ ಅನುಮಾನವೂ ಬರುತ್ತಿತ್ತು.

"ಏನೇ, ಸೋತು ಸೋತು ಯಾಕೆ ಹಲ್ಲು ಕಿರೀತೀಯ?"

"ನಿಮ್ಮಂಥೋರ ಕೈಲಿ ಸೋಲೋದೂ ಒಂದು ಭಾಗ್ಯ ಅಲ್ವಾ ಅಕ್ಕ?"

"ಅದೂ ನಿಜ ಅನ್ನು," ಎಂದು ಇಕುಯೊ ಉಪ್ಪಿನಕಾಯಿ ಮೂಲಂಗಿಯನ್ನು ಕರುಂ ಕರುಂ ಅಗಿದಳು.

ಎಲೆಗಳು ಬಣ್ಣ ತಿರುಗುವ ಮೊದಲೇ ನೊಬಿಯ ಚಿಪ್ಪಿನ ಮೇಲೆ ಚಿನ್ನದ ಬಳೆ ಮೂಡಿತು. ಉಳಿದದ್ದು ಪಾಚಿಮುತ್ತು. ನಾಮಿಯೆ ದ್ವೀಪವನ್ನೆಲ್ಲ ಜಾಲಾಡಿದಳು, ಇಲ್ಲ. ಕಜುಹಾಳನ್ನು ಕೇಳಿದಾಗ ಗುಟ್ಟು ತಿಳಿಯಿತು: ಆ ಮುತ್ತು ಸಿಗುವುದು ಕಾಗೆ ಸಾಕಿದವರಿಗೆ ಮಾತ್ರ, ಅವರಾಗಿ ಕೊಟ್ಟರೆ ಉಳಿದವರಿಗೂ ಉಂಟು. ಅಂದರೆ ಅದು ಇಕುಯೊಳ ಚೀಲದಲ್ಲಿದೆ. ಅಕ್ಕ ಕೊಡಿ ಎಂದು ಕೇಳಿದರೆ ಪ್ರಾಣ ಹೋದರೂ ಕೊಡುವವಳಲ್ಲ. ಇಕುಯೊ ಬಾಗಿಲು ಮುಚ್ಚಿ ಎಂದರೆ ತೆರೆಯುವ ಜಾತಿ.

ನಾಮಿಯೆ ರಾತ್ರಿಯೆಲ್ಲ ಯೋಚಿಸಲಿಲ್ಲ, ಅಷ್ಟೇನೂ ಬೇಕಿರಲಿಲ್ಲ. ಸ್ನಾನದ ಮನೆಯಲ್ಲಿ ಪಕ್ಕದ ಮನೆಯ ಶಿನೊಬು ಸಿಕ್ಕಳು. ಶಿನೊಬುವಿನ ಕಿವಿ ಸ್ವಲ್ಪ ಮಂದ, ಹಾಗಾಗಿ ಅವಳೊಡನೆ ಗುಟ್ಟು ಹೇಳಬೇಕಾದರೂ ಕೂಗಿಯೇ ಹೇಳಬೇಕು. ಅಡ್ಡಗೋಡೆಯ ಆಚೆ ಇಕುಯೊ ಬಟ್ಟೆ ಬಿಚ್ಚಿಡುತ್ತಿರುವ ಸದ್ದು ಕೇಳಿಸಿದ್ದೇ ತಡ, ನಾಮಿಯೆ ಬಕೆಟ್ಟಿನಿಂದ ನೀರು ಹೊಯ್ದುಕೊಳ್ಳುತ್ತ ಶುರುಮಾಡಿದಳು.

"ಶಿನೊಬು ಅಕ್ಕ, ಪಾಚಿಮುತ್ತು ಅಂತ ಒಂದು ಇದ್ಯಂತೆ. ಅದನ್ನ ಹಾಕ್ಕೊಂಡೋರು ಕಾಳಗದಲ್ಲಿ ಎಲ್ಲರಿಗಿಂತ ಕೊನೇಲಿ ಏಳ್ತಾರಂತೆ!"

"ಯಾರು ಹೇಳ್ತಾರೆ?"

"ಏಳ್ತಾರೆ! ಕೊನೇಲಿ ಏಳ್ತಾರೆ! ನನ್ ನೊಬಿ ಮೊದ್ಲೇ ತೆವಳ್ತದೆ. ಯಾರಾದ್ರೂ ಅದಕ್ಕೆ ಆ ಮುತ್ತು ತಗುಲಿಸಿಬಿಟ್ರೆ ಮುಗೀತು ನನ್ ಕಥೆ!"

ಮುತ್ತಿನ ಬಗ್ಗೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮುತ್ತು ತೊಟ್ಟವರು ನಿಧಾನವಾಗುತ್ತಾರೆ ಎಂದು ಆಟದಲ್ಲೇ ಬರೆದಿತ್ತು. ಮನೆಗೆ ಹೋದೊಡನೆ ಇಕುಯೊ ಕನ್ನಡಕ ಏರಿಸಿ ಅದನ್ನು ಓದಿಕೊಂಡದ್ದನ್ನು ನಾಮಿಯೆ ಬಾಗಿಲ ಸಂದಿಯಿಂದ ನೋಡಿದಳು.

ಬೆಳಗಾಯಿತು. ಇಕುಯೊಳ ದನಿಯಲ್ಲಿ ಜೇನು ತೊಟ್ಟಿಕ್ಕುತ್ತಿತ್ತು. "ನಾಮಿಯೆ, ಪಾಪ, ನೀನು ಎಷ್ಟು ಕಷ್ಟಪಟ್ಟು ಆಡ್ತೀಯ. ಹಿರಿಯಳು ಅಂತ ನಾನು ನಿಂಗೇನೂ ಕೊಟ್ಟಿಲ್ಲ ನೋಡು. ಇದೊಂದು ಮುತ್ತು ಇಟ್ಕೋ."

"ಅಯ್ಯೋ, ಬೇಡ ಅಕ್ಕ!"

"ಏಯ್, ತಗೋ ಅಂದ್ರೆ ತಗೋಬೇಕು."

"ನಿಮ್ಮ ಹತ್ರಾನೇ ಇರ್ಲಿ. ನನ್ ಹುಳಕ್ಕೆ ಯಾಕೆ ಅಂಥ ಬೆಲೆಬಾಳೋ ವಸ್ತು..."

"ತಗೊಂಡ್ರಷ್ಟೇ ಸಾಲ್ದು, ಹಿರಿಯರ ದಿನ ಭವನದಲ್ಲಿ ನಡೆಯೋ ಪಂದ್ಯದಲ್ಲಿ ಅದಕ್ಕೆ ತೊಡಿಸ್ಲೇಬೇಕು. ಇಲ್ಲಾಂದ್ರೆ ನಂಗೆ ಅವಮಾನ ಮಾಡಿದ ಹಾಗೆ!"

ನಾಮಿಯೆ ತಲೆತಗ್ಗಿಸಿ ಎರಡೂ ಕೈಯಲ್ಲಿ ಯಂತ್ರ ಹಿಡಿದು ಮುತ್ತು ಸ್ವೀಕರಿಸಿದಳು. ತಲೆ ತಗ್ಗಿಸಿದ್ದು ಮರ್ಯಾದೆಗಲ್ಲ, ಮುಖದ ನಗು ಕಾಣದಿರಲೆಂದು.

ಹಿರಿಯರ ದಿನ ಭವನ ಕಿಕ್ಕಿರಿದಿತ್ತು. ಕಜುಹಾ ಗೋಡೆಯ ಮೇಲೆ ದೊಡ್ಡ ಪರದೆ ಬಿಟ್ಟಿದ್ದಳು. ಇಸಾಮು ಎದುರು ಬಂದವರನ್ನೆಲ್ಲ ಸುಟ್ಟು ಕರಕಲು ಮಾಡಿ ಕೊನೆಯ ಸುತ್ತಿಗೆ ಬಂದಿತು. ನೊಬಿಯೂ ಬಂದಿತ್ತು, ಹೇಗೆ ಬಂತೆಂದರೆ, ಎದುರಾಳಿಗಳಲ್ಲಿ ಒಬ್ಬ ಅಜ್ಜ ನಿದ್ದೆಹೋಗಿದ್ದ, ಇನ್ನೊಬ್ಬಳು ತನ್ನ ಪ್ರಾಣಿಗೇ ಹೊಡೆದುಕೊಂಡಿದ್ದಳು. ನಾಮಿಯೆಗೆ ಮುತ್ತು ಕೊಟ್ಟವಳು ತಾನೇ ಎಂದು ಆಗಲೇ ಎಲ್ಲರ ಹತ್ತಿರ ಹೇಳಿಕೊಂಡಿದ್ದ ಇಕುಯೊ ಎದ್ದುನಿಂತು ಸಭೆಗೆಲ್ಲ ಕೇಳುವಂತೆ ಸಾರಿದಳು:

"ಇವತ್ತು ಸೋತೋರು ಚಳಿಗಾಲ ಪೂರ್ತಿ ಸ್ನಾನದ ಮನೆ ತೊಳೀಬೇಕು. ಒಪ್ಪಿಗೇನಾ?"

"ನೀವು ಹೇಳಿದ ಮೇಲೆ ಇನ್ನೇನು ಅಕ್ಕ," ಎಂದಳು ನಾಮಿಯೆ.

ಇಸಾಮು ಮೊದಲ ಬೆಂಕಿ ಉಗುಳಿತು. ನೊಬಿ ಸುಮ್ಮನಿತ್ತು. ಎರಡನೆಯದು ಬಿತ್ತು, ಪ್ರಾಣದ ಗೆರೆ ಅರ್ಧಕ್ಕಿಳಿಯಿತು. ಸಭೆಯಲ್ಲಿ ಯಾರೋ ಅಯ್ಯೋ ಎಂದರು. ನಾಮಿಯೆ ಗುಂಡಿಯ ಮೇಲೆ ಬೆರಳಿಟ್ಟು ಕಾದಳು. ಒಂದು ಉಸಿರು ಹೆಚ್ಚುಕಮ್ಮಿಯಾದರೂ ಇಷ್ಟು ದಿನದ ಕುತಂತ್ರವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಇನ್ನೊಂದು ಪೆಟ್ಟಿಗೆ ಗೆರೆ ಕೂದಲೆಳೆಯಷ್ಟಾಯಿತು. ಇಕುಯೊ ಆಗಲೇ ಬ್ರಷ್ ಹಿಡಿದು ಉಜ್ಜುವವರ ಹಾಗೆ ಕೈಯಾಡಿಸಿ ಜನರನ್ನು ನಗಿಸುತ್ತಿದ್ದಳು.

ಆಗ ನಾಮಿಯೆ ನಿಜರೂಪದ ಗುಂಡಿ ಒತ್ತಿದಳು.

ಪರದೆ ಬೆಳ್ಳಗಾಯಿತು. ಚಿನ್ನದ ಬಳೆ ಗಿರಗಿರನೆ ತಿರುಗಿ, ಚಿಪ್ಪು ಹಬೆಪಾತ್ರೆಯ ಮುಚ್ಚಳದಂತೆ ಎದ್ದುಹೋಯಿತು. ಒಳಗಿಂದ ಹಬೆ, ಹಬೆಯೊಳಗಿಂದ ಒಂದು ಗುಡ್ಡ. ಗುಡ್ಡಕ್ಕೆ ಎರಡು ಕೊಂಬು, ಕೊಂಬಿನ ತುದಿಯಲ್ಲಿ ಸೂರ್ಯನಂಥ ಎರಡು ಕಣ್ಣು. ಮೈತುಂಬ ಪಾಚಿ, ಪಾಚಿಯ ನಡುವೆ ಬುಸುಬುಸು ಬಿಸಿನೀರಿನ ಊಟೆಗಳು. ಪರದೆಯಲ್ಲಿ ಜಾಗ ಸಾಲದೆ ಇಸಾಮು ಮೂಲೆಗೆ ಒತ್ತರಿಸಲ್ಪಟ್ಟು ಗುಬ್ಬಿಯಂತೆ ಕಾಣಿಸಿತು. ಆ ಗುಡ್ಡ ಆತುರಪಡಲಿಲ್ಲ. ಆಕಳಿಸಿತು. ಇಸಾಮು ಹೆದರಿ ಬೆಂಕಿಯ ಕಿಡಿಯೊಂದನ್ನು ಉಗುಳಿತು. ಪಾಚಿಗೆ ತಗುಲಿ ಚುಂಯ್ ಎಂದು ಆರಿಹೋಯಿತು. ಎಲ್ಲರಿಗಿಂತ ಕೊನೆಯಲ್ಲಿ ಅಲುಗಾಡುವ ನೊಬಿ ಆಗ ಅಲುಗಾಡಿತು. ತಿಂದ ಪೆಟ್ಟುಗಳನ್ನೆಲ್ಲ ಬಡ್ಡಿ ಸಮೇತ ಒಂದೇ ಏಟಿಗೆ ಹಿಂದಿರುಗಿಸಿತು. ಇಸಾಮು ಪರದೆಯಿಂದಾಚೆ ಹಾರಿಹೋಯಿತು. ಒಂದು ಪುಕ್ಕ ಮಾತ್ರ ಓಲಾಡುತ್ತ ಕೆಳಗಿಳಿಯಿತು.

ಭವನ ಹಾರಿಹೋಗುವಂತೆ ಚಪ್ಪಾಳೆ. ನಿದ್ದೆಹೋಗಿದ್ದ ಅಜ್ಜ ಎದ್ದು ಭೂಕಂಪವೇ ಎಂದು ಮೇಜಿನ ಕೆಳಗೆ ತೂರಿದ. ಶಿನೊಬು ಇಕುಯೊಳ ಕಿವಿಯ ಬಳಿ ಬಾಗಿ, ಊರಿಗೇ ಕೇಳುವಂತೆ ಪಿಸುಗುಟ್ಟಿದಳು: "ನೀವು ಕೊಟ್ಟ ಮುತ್ತೇ ಅಲ್ವೇನ್ರೀ ಅದು?"

ಜೀವನದಲ್ಲಿ ಮೊದಲ ಸಲ ಕೊನೆಯ ಮಾತು ಇಕುಯೊಳದಾಗಲಿಲ್ಲ.

ಅಂದು ಅವಳು ಮಾತಾಡಲಿಲ್ಲ. ಮರುದಿನವೂ ಇಲ್ಲ. ಮೊಟ್ಟೆ ಗಟ್ಟಿಯಾಗಿ ಬೆಂದರೂ ಬೈಯಲಿಲ್ಲ. ಸುಮೊ ನಡೆಯುವಾಗ ನಾಮಿಯೆಯ ಪೈಲ್ವಾನ ಗೆದ್ದರೂ ತಕರಾರಿಲ್ಲ. ಸರದಿ ಬಂದಾಗ ಬ್ರಷ್ ಎತ್ತಿಕೊಂಡು ಹೊರಟೇಬಿಟ್ಟಳು. ತೊಟ್ಟಿಯಲ್ಲಿ ಮುಳುಗಿ ಅಪ್ಪಣೆ ಕೊಡುವ ಭಾಗ್ಯ ಈಗ ನಾಮಿಯೆಯದು. ಹೋಗಿ ಕೂತಳು, ಟವೆಲನ್ನು ತಲೆಯ ಮೇಲಿಟ್ಟಳು. ಆದರೆ ಮಂಡಿನೋವಿನಿಂದ ನರಳುತ್ತ ಉಜ್ಜುತ್ತಿದ್ದ ಇಕುಯೊಳ ಬೆನ್ನನ್ನು ನೋಡುತ್ತ ಕೂತರೆ ಬಿಸಿನೀರು ಹಿತವೆನಿಸಲಿಲ್ಲ. ಕೊನೆಗೆ ಎದ್ದುಬಂದು ಇನ್ನೊಂದು ಬ್ರಷ್ ಹಿಡಿದಳು.

"ಬೇಡ, ಬಿಡು. ಸೋತೋಳು ನಾನು," ಎಂದಳು ಇಕುಯೊ.

"ಮಾತಾಡಿದ್ರಲ್ಲ ಸದ್ಯ! ಸರ್ಕೊಳ್ಳಿ ಆ ಕಡೆ."

ಸ್ವಲ್ಪ ಹೊತ್ತು ಇಬ್ಬರೂ ಉಜ್ಜಿದರು. ಆಮೇಲೆ ಇಕುಯೊ ತಿರುಗದೆಯೇ ಕೇಳಿದಳು: "ಅಷ್ಟು ದಿನ ಬೇಕೂಂತ ಸೋತ್ಯಾ?"

"ಹೂಂ."

"ಶಿನೊಬು ಹತ್ರ ಕಿರುಚಿದ್ದೂ ಬೇಕೂಂತಲೇ?"

"ಹೂಂ, ಅಕ್ಕ."

ಇಕುಯೊ ಬ್ರಷ್ಷನ್ನು ಬಕೆಟ್ಟಿಗೆ ಬಡಿದಳು. ನಾಮಿಯೆ ಮೈ ಕುಗ್ಗಿಸಿಕೊಂಡಳು. ಆದರೆ ಬಂದದ್ದು ಬೈಗುಳವಲ್ಲ, ನಗು. ಹೊಟ್ಟೆ ಹಿಡಿದುಕೊಂಡು, ಒದ್ದೆ ನೆಲದ ಮೇಲೆ ಕುಕ್ಕರಿಸಿ ನಗುವ ನಗು. "ನಮ್ಮತ್ತೆ ನೀನು ಮದುವೆಯಾಗಿ ಬಂದ ದಿನವೇ ಹೇಳಿದ್ರು ಕಣೇ. ಚಿಕ್ಕೋಳು ಬಾಯಿ ಬಿಡಲ್ಲ, ಹುಷಾರು ಅಂತ. ನಾನೇ ನಂಬ್ಲಿಲ್ಲ!"

ಅದಾದ ಮೇಲೆ ಮನೆ ಮತ್ತೆ ಹಳೆಯ ಗದ್ದಲಕ್ಕೆ ಮರಳಿತು. ಒಂದು ಬೆಳಿಗ್ಗೆ ಇಕುಯೊ ತಾನಾಗಿ ಯಂತ್ರ ಎತ್ತಿಕೊಂಡು "ಬಾರೇ, ಒಂದಾಟ" ಎಂದಳು. ಕಾಳಗ ಶುರುವಾಯಿತು. ನಾಮಿಯೆ ನೋಡುತ್ತಾಳೆ, ಇಸಾಮುವಿನ ಜಾಗದಲ್ಲಿ ಹೊಸದಾಗಿ ಹಿಡಿದ ಒಂದು ಸಣ್ಣ ಬಸವನಹುಳು ಕೂತಿದೆ. ಬೆಂಕಿಯಿಲ್ಲ, ರೆಕ್ಕೆಯಿಲ್ಲ, ಬಳೆಯೂ ಇಲ್ಲ.

"ಏನ್ ನೋಡ್ತೀಯ? ಹೊಡಿ!" ಎಂದಳು ಇಕುಯೊ, ಮುಖ ಬೇರೆಡೆ ತಿರುಗಿಸಿ. "ಸೋಲಿಸೇ ನನ್ನ. ಬೇಗ."

ಅಕ್ಕನಿಗೂ ಈಗ ಸೋತು ತಲೆ ಸವರುವ ಗುಂಡಿ ಒತ್ತಬೇಕಾಗಿದೆ ಎಂದು ನಾಮಿಯೆಗೆ ಗೊತ್ತಾಯಿತು. ಅವಳು ಹಲ್ಲು ಕಿರಿದು, ನೊಬಿಯಿಂದ ಹೊಡೆಸುವ ಬದಲು ಅದಕ್ಕೆ ನಿದ್ದೆ ಮಾಡಿಸಿದಳು. ಇಕುಯೊ ಕಣ್ಣು ಕೆಂಪಗೆ ಮಾಡಿ ತನ್ನ ಹುಳುವನ್ನೂ ಮಲಗಿಸಿದಳು.

"ಹೊಡಿಯೇ, ಕಳ್ಳಿ!"

"ನೀವೇ ಮೊದ್ಲು ಹೊಡೀರಿ ಅಕ್ಕ. ಹಿರಿಯರು."

ಪರದೆಯ ಮೇಲೆ ಎರಡೂ ಹುಳುಗಳು ಗೊರಕೆ ಹೊಡೆಯುತ್ತಿದ್ದವು. ಅಂಗಡಿಯ ಮುಂದೆ ಗಿರಾಕಿಯೊಬ್ಬ ಮೊಟ್ಟೆ ಬೇಕೆಂದು ಕೂಗುತ್ತಿದ್ದ. "ಬಂದೆ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಒಬ್ಬರೂ ಏಳಲಿಲ್ಲ.